ಎಲೆಯ ಎಣ್ಣೆ ನಡೆದ ದಾರಿ

ಟೈಲರಮ್ಮನಿಗೂ ಗಿಡಗಂಟಿಗೂ ಯಾವ ಸಂಬಂಧವೂ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಅದರ ಮುಂದೆ ಅವಳು. ಬೆಳಗ್ಗೆ ಕೂತರೆ ಊಟಕ್ಕೇ ಏಳುವುದು. ಅಂಥವಳ ಬಲಗೈ ಮಣಿಕಟ್ಟಿನಲ್ಲಿ ಒಂದು ದಿನ ಕೆಂಪು ಗೆರೆ ಎದ್ದಿತು. ಎರಡು ದಿನದಲ್ಲಿ ಅದು ನೀರು ತುಂಬಿದ ಗುಳ್ಳೆಗಳಾಗಿ ಬೆರಳ ಸಂದಿಗೆಲ್ಲ ಹಬ್ಬಿತು. ಮೊದಲು ಬೈಗುಳ ತಿಂದದ್ದು ಹೊಸ ಸೋಪು. ಸೋಪು ಬದಲಾಯಿಸಿದಳು. ಆಮೇಲೆ ಬಟ್ಟೆಯ ಬಣ್ಣದ ಮೇಲೆ ಅನುಮಾನ ಬಂದು, ಒಂದು ವಾರ ಬರೀ ಬಿಳಿ ಬಟ್ಟೆ ಹೊಲಿದಳು. ತುರಿಕೆ ಜಪ್ಪಯ್ಯ ಅನ್ನಲಿಲ್ಲ. ಇನ್ನೇನು ಒಣಗಿತು ಅನ್ನುವಷ್ಟರಲ್ಲಿ ಪಕ್ಕದಲ್ಲೇ ಹೊಸ ಗುಳ್ಳೆ.

ಗಿರಾಕಿಗಳು ಅಳತೆ ಕೊಡುವಾಗ ಮೈ ಮುದುರಿಕೊಂಡು ನಿಲ್ಲತೊಡಗಿದರು. ಒಬ್ಬಾಕೆ ಹಳೆಯ ಅಂಗಿಯೊಂದನ್ನು ಮೇಜಿನ ತುದಿಯಲ್ಲಿಟ್ಟು, "ಇದನ್ನೇ ನೋಡ್ಕೊಂಡು ಹೊಲೀರಿ, ನನ್ನ ಮುಟ್ಟೋದು ಬೇಡ" ಅಂದಳು. ಆ ಮಾತು ಗುಳ್ಳೆಗಿಂತ ಹೆಚ್ಚು ಉರಿಯಿತು. ಮಾರನೇ ದಿನವೇ ಟೈಲರಮ್ಮ ಆಸ್ಪತ್ರೆಯ ಬೆಂಚಿನ ಮೇಲಿದ್ದಳು.

ವೈದ್ಯರು ಮುಲಾಮು ಬರೆದುಕೊಟ್ಟರು. ಅದನ್ನು ಹಚ್ಚುತ್ತಿದ್ದ ನರ್ಸಮ್ಮ ಗೆರೆಯನ್ನೇ ದಿಟ್ಟಿಸಿ, "ಮನೇಲಿ ಯಾರಾದ್ರೂ ಗಿಡ ಕಡಿಯೋ ಕೆಲಸ ಮಾಡ್ತಾರಾ ಅಮ್ಮ?" ಅಂತ ಕೇಳಿದಳು.

ಮಾಡುತ್ತಿದ್ದ. ಅವಳ ಗಂಡ ಕರೆಂಟಿನ ತಂತಿಗೆ ಹಬ್ಬುವ ಬಳ್ಳಿ, ಪೊದೆ ಕಡಿಯುವ ತಂಡದ ಮೇಸ್ತ್ರಿ. ಮೂರು ಮೂರು ಎಲೆಯ ತುರಿಕೆ ಬಳ್ಳಿ ಸೋಕಿ ಆಳುಗಳು ವಾರಗಟ್ಟಲೆ ಕೆರೆದುಕೊಳ್ಳುತ್ತಿದ್ದರೂ ಇವನಿಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಗುಳ್ಳೆ ಎದ್ದದ್ದಿಲ್ಲ.

"ಅವರಿಗೇ ಏನೂ ಆಗಿಲ್ಲ. ನನಗೆಲ್ಲಿಂದ ಬರುತ್ತೆ?"

"ಕೆಲವರ ಚರ್ಮಕ್ಕೆ ಆ ಎಲೆಯ ಎಣ್ಣೆ ನಾಟಲ್ಲ. ಹಾಗಂತ ಅದು ಅವರ ಕೈ ಬಿಟ್ಟು ಹೋಗಿರಲ್ಲ. ಕತ್ತಿ, ಬಟ್ಟೆ, ಶೂ ಲೇಸು, ಎಲ್ಲಿ ಕೂತ್ರೆ ಅಲ್ಲಿ ತಿಂಗಳುಗಟ್ಟಲೆ ಇರುತ್ತೆ. ಇನ್ನು ಕೆಲವರಿಗೆ ವರ್ಷಗಟ್ಟಲೆ ಸೋಕಿದ ಮೇಲೆ ಒಂದು ದಿನ ಗುಳ್ಳೆ ಏಳುತ್ತೆ."

ಮುಂದಿನ ಸಲ ಟೈಲರಮ್ಮನ ಜೊತೆ ಆಸ್ಪತ್ರೆಗೆ ಬಂದ ಮೇಸ್ತ್ರಿ ಇದನ್ನು ಕೇಳಿ ನಕ್ಕುಬಿಟ್ಟ. "ನಾನು ಬಂದ ತಕ್ಷಣ ಕೈ ತೊಳೀತೀನಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ನಲ್ಲಿಯ ಕೆಳಗೆ ಎರಡು ಸಲ ಕೈ ಆಡಿಸಿ ಒರೆಸಿಕೊಳ್ಳುತ್ತಿದ್ದ.

ನರ್ಸಮ್ಮ ವಾದಕ್ಕೆ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಕೈ ತೊಳೆಯುವುದನ್ನು ಕಲಿಸಲು ಇಟ್ಟಿದ್ದ ಒಂದು ಪುಡಿಯನ್ನು ತಂದಳು. ಬರಿಗಣ್ಣಿಗೆ ಕಾಣದ ಪುಡಿ ಅದು. ನೇರಳೆ ದೀಪ ಹಿಡಿದರೆ ಮಾತ್ರ ಹೊಳೆಯುತ್ತದೆ. ಮರುದಿನ ಬೆಳಗ್ಗೆ ಅವರ ಮನೆಗೇ ಬಂದು ಅದನ್ನು ಮೇಸ್ತ್ರಿಯ ಕತ್ತಿಯ ಹಿಡಿಗೆ ಬಳಿದು, "ದಿನಾ ಹೇಗಿರ್ತೀರೋ ಹಾಗೇ ಇರಿ" ಅಂದಳು.

ಸಂಜೆ ಅವಳು ಬಂದಾಗ ಮೇಸ್ತ್ರಿ ಕೈ ತೊಳೆದು, ಟೀ ಕುಡಿದು ಕೂತಿದ್ದ. ಟೈಲರಮ್ಮ ಕಿಟಕಿಗಳಿಗೆ ಕಪ್ಪು ಲೈನಿಂಗ್ ಬಟ್ಟೆ ಕಟ್ಟಿ ಬಾಗಿಲು ಹಾಕಿದಳು. ನರ್ಸಮ್ಮ ದೀಪ ಹೊತ್ತಿಸಿದಳು.

ಬಾಗಿಲ ಚಿಲಕ ಹಸಿರಾಗಿ ಬೆಳಗಿತು. ಅಲ್ಲಿಂದ ಗೋಡೆಯ ಸ್ವಿಚ್ಚು, ಕುರ್ಚಿಯ ಬೆನ್ನು, ಟೀ ಲೋಟ. ಟವೆಲ್ಲಿನ ಮೇಲೆ ಎರಡು ಇಡೀ ಅಂಗೈ. ಅಟ್ಟದ ಮೇಲಿನ ಬೆಕ್ಕಿನ ತಲೆಯಲ್ಲೂ ಒಂದು ಸವರಿದ ಗುರುತು. ಟೈಲರಮ್ಮ ಇಪ್ಪತ್ತು ವರ್ಷ ಗುಡಿಸಿ ಒರೆಸಿದ ಮನೆ ಇದು. ಅದರೊಳಗೆ ಹೀಗೊಂದು ಕಾಣದ ಓಡಾಟ ನಡೆಯುತ್ತಿದೆಯೆಂದು ಅವಳಿಗೆ ಕನಸಲ್ಲೂ ಹೊಳೆದಿರಲಿಲ್ಲ.

ನರ್ಸಮ್ಮ ದೀಪವನ್ನು ಮಿಷನ್ನಿನತ್ತ ತಿರುಗಿಸಿದಳು. ಚಕ್ರದ ಅಂಚು ಸುತ್ತಲೂ ಹೊಳೆಯಿತು, ಟೈಲರಮ್ಮ ಪ್ರತಿ ಹೊಲಿಗೆಗೂ ಬಲಗೈ ಇಡುವ ಜಾಗ. ಮೇಲಿನ ಎಣ್ಣೆ ಬಿಡುವ ತೂತುಗಳ ಸುತ್ತಲೂ ಹೆಬ್ಬೆರಳ ಗುರುತುಗಳಿದ್ದವು.

"ರೀ, ಮಿಷನ್ನಿಗೆ ನೀವ್ಯಾಕೆ ಕೈ ಹಾಕಿದ್ರಿ?"

ಮೇಸ್ತ್ರಿ ಮಿಷನ್ನಿನ ಹತ್ತಿರ ಬಂದ. "ಎರಡು ಹನಿ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದೆ. ನೀನು ಅಡುಗೆಮನೇಲಿದ್ದೆ."

"ಇವತ್ತಾ?"

"ದಿನಾ ಬಿಡ್ತೀನಿ. ಚಕ್ರ ಬಿಗಿಯಾದ್ರೆ ನಿನ್ನ ಭುಜ ನೋಯುತ್ತಲ್ಲ."

ಬೇರೆ ಟೈಲರುಗಳ ಮಿಷನ್ನು ವರ್ಷಕ್ಕೆರಡು ಸಲ ರಿಪೇರಿಗೆ ಹೋಗುತ್ತಿದ್ದಾಗ ಟೈಲರಮ್ಮ ತನ್ನ ಕೈಗುಣವೆಂದು ಬೀಗುತ್ತಿದ್ದಳು. ಈಗ ಆ ಬೆಳಗುವ ಹೆಬ್ಬೆರಳ ಗುರುತುಗಳನ್ನು ನೋಡುತ್ತ, ಬೈಯಬೇಕೋ ಅಳಬೇಕೋ ತಿಳಿಯದೆ ನಿಂತಳು. ತನ್ನ ಕೈಯನ್ನು ಸುಟ್ಟದ್ದೂ ಅದೇ, ಇಷ್ಟು ವರ್ಷ ಕಾಪಾಡಿದ್ದೂ ಅದೇ.

ಮೇಸ್ತ್ರಿ ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದು ದೀಪದಡಿ ಹಿಡಿದ. ಉಗುರ ಸಂದಿಯಲ್ಲಿ ಇನ್ನೂ ಹೊಳೆಯುತ್ತಿತ್ತು. ಮತ್ತೆ ಹೋದ. ಮೂರನೇ ಸಲಕ್ಕೆ ಕೈ ಕತ್ತಲಾಯಿತು.

"ಪುಡಿ ಬೇರೆ, ಎಣ್ಣೆ ಬೇರೆ. ಆದ್ರೆ ಹೋಗೋ ದಾರಿ ಒಂದೇ" ಅಂದಳು ನರ್ಸಮ್ಮ. "ಬರೀ ನೀರಿಗೆ ಎಣ್ಣೆ ಹೋಗಲ್ಲ. ಕೆಲಸದ ಜಾಗದಲ್ಲೇ, ಬಳ್ಳಿ ಸೋಕಿದ ಕೂಡಲೇ, ಸೋಪು ಹಾಕಿ ಹರಿಯೋ ನೀರಲ್ಲಿ ತೊಳೀಬೇಕು. ತಡ ಮಾಡಿದಷ್ಟೂ ಕಷ್ಟ."

"ನನ್ನ ಗುಳ್ಳೆ ಮುಟ್ಟಿದ್ರೆ ಬೇರೆಯವರಿಗೆ ಅಂಟುತ್ತಾ?" ಟೈಲರಮ್ಮ ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆ.

"ಇಲ್ಲಮ್ಮ. ಅಂಟೋದು ಎಣ್ಣೆ, ಗುಳ್ಳೆಯ ನೀರಲ್ಲ. ಕೆರೀಬೇಡಿ, ತಣ್ಣೀರಲ್ಲಿ ಅದ್ದಿದ ಬಟ್ಟೆ ಗುಳ್ಳೆ ಮೇಲೆ ಇಟ್ಕೊಳ್ಳಿ, ಮುಲಾಮು ಬಿಡಬೇಡಿ. ಕಣ್ಣು, ಮುಖ ಊದಿದ್ರೆ ಮಾತ್ರ ಒಂದು ಗಳಿಗೆನೂ ಕಾಯದೆ ಬನ್ನಿ."

ಮೇಸ್ತ್ರಿ ಕೈಗವಸು ತೊಟ್ಟು ಚಿಲಕ, ಸ್ವಿಚ್ಚು, ಚಕ್ರ ಎಲ್ಲವನ್ನೂ ಸೋಪು ನೀರಿನಲ್ಲಿ ಒರೆಸಿದ. ಬೆಕ್ಕಿಗೂ ಸ್ನಾನವಾಯಿತು, ಅದು ಎರಡು ದಿನ ಅವನ ಮುಖ ನೋಡಲಿಲ್ಲ. ಕೆಲಸದ ಬಟ್ಟೆಗೆ ಹಿತ್ತಲಲ್ಲಿ ಬೇರೆ ಬಕೆಟ್ಟು ಬಂತು. ಮೂರು ವಾರದಲ್ಲಿ ಟೈಲರಮ್ಮನ ಕೈ ವಾಸಿಯಾಯಿತು. ಹೊಸ ಗುಳ್ಳೆ ಏಳಲಿಲ್ಲ.

ಆಮೇಲೆ ಮೇಸ್ತ್ರಿಯೇ ಆಸ್ಪತ್ರೆಗೆ ಹೋಗಿ, ತನ್ನ ಆಳುಗಳಿಗೂ ಆ ಪುಡಿ ಬಳಿದು ದೀಪ ಹಿಡಿದು ತೋರಿಸಬೇಕೆಂದು ಕೇಳಿಕೊಂಡ. ಆ ದಿನ ಟೈಲರಮ್ಮನೂ ಕಪ್ಪು ಬಟ್ಟೆ ಹಿಡಿದು ಜೊತೆಗೆ ಹೋದಳು. ಬೆಳಗ್ಗೆಯೇ ನರ್ಸಮ್ಮ ಎಲ್ಲ ಕತ್ತಿಗಳ ಹಿಡಿಗೂ ಪುಡಿ ಬಳಿದಿದ್ದಳು. ಸಂಜೆ ಸಾಮಾನಿನ ಶೆಡ್ಡಿನಲ್ಲಿ ಹನ್ನೊಂದು ಜನ, ಬಾಯಿ ತುಂಬ ತಮಾಷೆ. ದೀಪ ಹೊತ್ತಿತು. ಕಿವಿಗಳು ಹೊಳೆದವು, ಊಟದ ಡಬ್ಬಿಗಳು ಹೊಳೆದವು, ಒಬ್ಬನ ಜೇಬಿನ ಬಾಚಣಿಗೆಯ ಒಂದೊಂದು ಹಲ್ಲೂ ಹೊಳೆಯಿತು.

ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದ, ತಂಡದ ಗಾಡಿಯ ಡ್ರೈವರು ಹೊಳೆಯುತ್ತಿದ್ದ ತನ್ನ ಎರಡೂ ಅಂಗೈಗಳನ್ನು ಮುಖದ ಹತ್ತಿರ ತಂದುಕೊಂಡು ನೋಡುತ್ತಿದ್ದ. "ದಿನಾ ಮನೆಗೆ ಹೋದ ಕೂಡಲೇ ಮಗಳನ್ನ ಎತ್ಕೋತೀನಿ" ಅಂದ, ಯಾರಿಗೂ ಅಲ್ಲ ಅನ್ನುವ ಹಾಗೆ.

ಟೈಲರಮ್ಮ ಒಂದು ಸೋಪು ತೆಗೆದು ಅವನ ಕೈಗಿಟ್ಟಳು. ಅವನು ನಲ್ಲಿಯ ಕಡೆ ನಡೆದ. ಉಳಿದವರು ಅವನ ಹಿಂದೆ ಸಾಲುಗಟ್ಟಿದರು.