ಹಂಸಮ್ಮನ ಕೋಡುಬಳೆ

ಆರನೆಯ ಸಾಲು ಬರೆದು ಮುಗಿಸಿ ವಿಮಲಾ ಪೆನ್ನು ಕೆಳಗಿಟ್ಟಳು. ಅಕ್ಕಿ ಹಿಟ್ಟು, ಚಿರೋಟಿ ರವೆ, ಮೈದಾ, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಇಂಗು. ಉಪ್ಪು, ಎಣ್ಣೆ ಬರೆಯದಿದ್ದರೂ ನಡೆಯುತ್ತದೆ. ಅಷ್ಟು ತಿಳಿಯದವರು ಕೋಡುಬಳೆಗೆ ಕೈ ಹಾಕಲೇಬಾರದು. ಕಷ್ಟವಿದ್ದದ್ದು ಏಳನೆಯದರಲ್ಲಿ.

ಏಳನೆಯದು ಒಂದು ಹಿಡಿ ಗಟ್ಟಿ ಅವಲಕ್ಕಿಯ ಪುಡಿ. ಅದನ್ನು ಈ ಭೂಮಿಯ ಮೇಲೆ ಬಲ್ಲವಳು ತಾನೊಬ್ಬಳೇ ಎಂದು ಅವಳು ನಂಬಿದ್ದಳು. ಇನ್ನೊಬ್ಬರಿಗೆ ಗೊತ್ತಿತ್ತು. ಆದರೆ ಅವರು, ಅಂದರೆ ಅವಳ ಅತ್ತೆ ಹಂಸಮ್ಮ, ತೀರಿಹೋಗಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಹೋಗುವ ಮುಂಚಿನ ದಸರೆಯಲ್ಲಿ ಸೊಸೆಯನ್ನು ಮಂಚದ ಪಕ್ಕ ಕೂರಿಸಿಕೊಂಡು ಕೋಡುಬಳೆ ಮಾಡುವ ಕ್ರಮವನ್ನೆಲ್ಲ ಹೇಳಿ, ಕೊನೆಯಲ್ಲಿ ದನಿ ತಗ್ಗಿಸಿದ್ದರು: "ಇಷ್ಟಕ್ಕೂ ಒಂದು ಹಿಡಿ ಅವಲಕ್ಕಿ ಪುಡಿ ಬೀಳ್ಬೇಕು. ಇದನ್ನ ಮಾತ್ರ ಯಾರ ಹತ್ರಾನೂ ಬಾಯಿ ಬಿಡಬೇಡ, ಮನೆತನದ್ದು." ಅದುವರೆಗೆ ಹಂಸಮ್ಮ ಹಿಟ್ಟು ಕಲಸುವುದನ್ನು ವಿಮಲಾ ಒಮ್ಮೆಯೂ ಕಂಡಿರಲಿಲ್ಲ. ಆ ಹೊತ್ತಿಗೆ ಅವಳು ಸ್ಕೂಲಿನಲ್ಲಿರುತ್ತಿದ್ದಳು. ಹಾಗಿರುವಂತೆ ಅತ್ತೆ ನೋಡಿಕೊಳ್ಳುತ್ತಿದ್ದರು.

ಈಗ ಈ ಪೀಕಲಾಟ ತಂದಿಟ್ಟವಳು ಶ್ರೀದೇವಿ. ಬೆಳಗಿನ ವಾಕಿಂಗ್‌ನಲ್ಲಿ ಜೊತೆಯಾದ ಮೂವರಲ್ಲಿ ಚಿಕ್ಕವಳು, ಜೆ.ಪಿ. ನಗರದವಳು, ಯಾವುದೋ ಕಂಪನಿಯ ಎಚ್.ಆರ್. "ಆಂಟಿ, ನಮ್ಮ ಆಫೀಸಲ್ಲಿ ರೆಸಿಪಿ ಸ್ವಾಪ್ ಅಂತ ಮಾಡಿದ್ವಿ, ಸಖತ್ತಾಗಿತ್ತು. ಈ ದಸರಾಗೆ ನಾವೂ ಮಾಡೋಣ. ನಮ್ಮ ಸ್ಪೆಷಲ್ಲು ಬರ್ದು ಕೊಡೋದು, ಇನ್ನೊಬ್ರು ಮಾಡ್ಕೊಂಡು ಬರೋದು. ಯಾರ ರೆಸಿಪೀನೋ ಅವ್ರು ಎಲ್ಲರ ಎದುರು ತಿಂದು ಪಾಸೋ ಫೇಲೋ ಹೇಳ್ಬೇಕು." ಪಾರ್ಕಿನ ಬೆಂಚಿನ ಮೇಲೇ ಚೀಟಿ ಎತ್ತಿದ್ದೂ ಆಯಿತು. ಬನಶಂಕರಿಯ ಜಯಶೀಲಾಳ ಶೇಂಗಾ ಹೋಳಿಗೆ ಶ್ರೀದೇವಿಯ ಪಾಲಿಗೆ ಬಂತು. ಶ್ರೀದೇವಿಯ ಓಟ್ಸ್ ಲಾಡು ವಿಮಲಾಳಿಗೆ ಬಿತ್ತು. ವಿಮಲಾಳ ಕೋಡುಬಳೆ ಹೋಗಿ ಸೇರಿದ್ದು ಜಯಶೀಲಾಳ ಕೈಗೆ.

ಶ್ರೀದೇವಿಗೇ ಬಂದಿದ್ದರೆ ವಿಮಲಾ ಏಳನೆಯದನ್ನೂ ಬರೆದುಬಿಡುತ್ತಿದ್ದಳೋ ಏನೋ. ಆ ಹುಡುಗಿ ಅನ್ನ ಇಡಲೂ ಯೂಟ್ಯೂಬ್ ನೋಡುವವಳು. ಆದರೆ ಜಯಶೀಲಾ ದಾವಣಗೆರೆಯ ಕೈ. ಮೂವತ್ತು ಜನರಿಗೆ ಹೋಳಿಗೆ ತಟ್ಟಿ, ಆಮೇಲೆ ಎದ್ದು ವಾಕಿಂಗಿಗೆ ಬರುವವಳು. ಅವಳು ಕೋಡುಬಳೆ ಕಲಿತರೆ ಕಲಿತಳೆಂದೇ. ಜಯನಗರ ನಾಲ್ಕನೇ ಟಿ ಬ್ಲಾಕಿನ ಈ ರಸ್ತೆಯಲ್ಲಿ ಒಂಬತ್ತು ದಿನ ಗೊಂಬೆ ನೋಡಲು ಬಂದವರು ಗೊಂಬೆಯನ್ನು ನೋಡುವುದು ಅಷ್ಟಕ್ಕಷ್ಟೇ. "ಈ ಸಲ ಚಂದ್ರಯಾನ ಚೆನ್ನಾಗಿ ಮಾಡಿದೀರ" ಎನ್ನುತ್ತಲೇ ಅವರ ಕಣ್ಣು ಅಡುಗೆಮನೆಯ ಕಡೆ ಹೊರಳುತ್ತದೆ. ವಿಮಲಾ ಅದನ್ನು ಬಲ್ಲಳು. ಬಲ್ಲಳೆಂದೇ ಗೊಂಬೆಗಳ ಬಗ್ಗೆ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ಅವಳು. ಪ್ರಯೋಗದ ವಿಧಾನದಲ್ಲಿ ಒಂದು ಹಂತ ತಪ್ಪು ಬರೆದವರಿಗೆ ಒಂದು ಅಂಕ, ಬಿಟ್ಟವರಿಗೆ ಅರ್ಧ ಅಂಕ ಕಳೆಯುತ್ತಿದ್ದಳು. ಆ ಲೆಕ್ಕದಲ್ಲಿ ಬಿಡುವುದು ಅರ್ಧ ಅಪರಾಧ ಮಾತ್ರ. ಅವಳು ಪೆನ್ನು ತೆಗೆದುಕೊಂಡು ಏಳನೆಯ ಸಾಲಿನಲ್ಲಿ ದುಂಡಗೆ ಬರೆದಳು: "ಹದ ನೋಡಿಕೊಂಡು ಕಲಸುವುದು."

ಮರುದಿನದಿಂದ ಫೋನು ಶುರುವಾಯಿತು.

"ವಿಮಲಕ್ಕ, ಹದ ಅಂತ ಬರ್ದೀರಲ್ರೀ, ಅಂದ್ರೆ ಹೆಂಗೆ?"

"ಅದು ಕೈಗೆ ಗೊತ್ತಾಗತ್ತೆ ಜಯಾ."

"ನನ್ನ ಕೈಗೆ ಏನೂ ಗೊತ್ತಾಗವಲ್ದು ಅಂತಾನೇ ನಿಮಗೆ ಫೋನ್ ಮಾಡಿದ್ದು. ಚಪಾತಿ ಹಿಟ್ಟಿನಂಗೋ, ಅದಕ್ಕಿಂತ ಗಟ್ಟಿಯೋ?"

"ಅದಕ್ಕಿಂತ ಸ್ವಲ್ಪ... ನೀವು ಮಾಡ್ತಾ ಮಾಡ್ತಾ ತಿಳಿಯತ್ತೆ ಬಿಡಿ."

"ಆತು. ನೀವು ಬರ್ದಿದ್ದು ಬಿಟ್ಟು ಒಂದು ಕಾಳೂ ಹೆಚ್ಚು ಹಾಕಂಗಿಲ್ಲ, ಕಮ್ಮಿ ಮಾಡಂಗಿಲ್ಲ. ಪರೀಕ್ಷೆ ಅಂದ್ರೆ ಪರೀಕ್ಷೆ."

ಇದೇ ಜಯಶೀಲಾ ತನ್ನ ಹೋಳಿಗೆಯ ವಿಷಯದಲ್ಲಿ ನಡೆದುಕೊಂಡ ರೀತಿ ವಿಮಲಾಳಿಗೆ ಸ್ವಲ್ಪ ಅತಿ ಎನಿಸಿತು. ಬರೆದು ಕೊಡಲು ಕನ್ನಡಕ ಸಿಗಲಿಲ್ಲವೆಂದು ಶ್ರೀದೇವಿಗೆ ಹನ್ನೊಂದು ವಾಯ್ಸ್ ಮೆಸೇಜು ಕಳಿಸಿದ್ದಳು. ಶೇಂಗಾ ಯಾವ ಅಂಗಡಿಯದು, ಬೆಲ್ಲದ ಬಣ್ಣ ಹೇಗಿರಬೇಕು, ಹೂರಣ ಒಡೆದರೆ ಏನು ಮಾಡಬೇಕು, ಒಡೆದದ್ದನ್ನು ಯಾರಿಗೆ ಕೊಟ್ಟು ಖರ್ಚು ಮಾಡಬೇಕು, ಎಲ್ಲವೂ ಅದರಲ್ಲಿತ್ತು. ಏಳನೆಯ ಮೆಸೇಜಿನ ಮಧ್ಯೆ ಅವಳ ಗಂಡ ಜಯದೇವಪ್ಪ "ಸ್ಕೂಟರ್ ಕೀ ಎಲ್ಲಿ ಇಟ್ಟೀ?" ಎಂದು ಕೇಳುವುದೂ, ಅವಳು "ಟಿ.ವಿ. ಮೇಲೆ ನೋಡ್ರೀ, ಎಳ್ಳು ಮಾತ್ರ ಹುರೀಬೇಕು ಶ್ರೀದೇವಿ" ಎನ್ನುವುದೂ ಕೇಳಿಸುತ್ತಿತ್ತು. ಮನೆತನದ್ದೆಂಬುದು ಒಂದೂ ಇಲ್ಲವೇ ಈ ಹೆಂಗಸಿಗೆ ಎಂದುಕೊಂಡಳು ವಿಮಲಾ.

ವಿಜಯದಶಮಿಯ ಮಾರನೆಯ ದಿನ, ಶನಿವಾರ, ಮಧ್ಯಾಹ್ನ ನಾಲ್ಕಕ್ಕೆ ಎಲ್ಲರೂ ವಿಮಲಾಳ ಮನೆಯಲ್ಲಿ ಸೇರುವುದೆಂದು ಆಯಿತು. ಪಟ್ಟದ ಗೊಂಬೆಗಳನ್ನು ಮಲಗಿಸಿದ್ದರೂ ಮೆಟ್ಟಿಲು ಇನ್ನೂ ಬಿಚ್ಚಿರಲಿಲ್ಲ. ತಲೆ ಬಾಚಿಕೊಳ್ಳುತ್ತ ವಿಮಲಾ ಒಂದು ವಾಕ್ಯವನ್ನು ಎರಡು ಮೂರು ಸಲ ಹೇಳಿ ನೋಡಿಕೊಂಡಳು: "ಮೊದಲ ಸಲಕ್ಕೆ ಇಷ್ಟು ಬಂದಿರೋದೇ ಹೆಚ್ಚು ಜಯಾ." 'ಹೆಚ್ಚು' ಎಂಬಲ್ಲಿ ಕೊಂಚ ನಗಬೇಕು, ಆದರೆ ಹಲ್ಲು ಕಾಣಬಾರದು.

ಮೊದಲ ಸರದಿ ಓಟ್ಸ್ ಲಾಡಿನದು. ಶ್ರೀದೇವಿ ಒಂದನ್ನು ಬಾಯಿಗಿಟ್ಟವಳು ಹುಬ್ಬು ಏರಿಸಿದಳು. "ಆಂಟಿ! ನಂದಕ್ಕಿಂತ ಚೆನ್ನಾಗಿದೆ. ಏನ್ ಹಾಕಿದ್ರಿ?"

"ಸಕ್ಕರೆ," ಎಂದಳು ವಿಮಲಾ.

"ಅಯ್ಯೋ, ಇದು ಶುಗರ್‌ಫ್ರೀ ಆಂಟಿ! ಅದೇ ಅದರ ಪಾಯಿಂಟು!"

"ಕುದುರೆಗೆ ಮಾಡೋದಾಗಿದ್ರೆ ಹಾಕ್ತಿರ್ಲಿಲ್ಲಮ್ಮ. ಮನುಷ್ಯರು ತಿಂತಾರೆ ಅಂತ ಹಾಕಿದೆ."

ಶ್ರೀದೇವಿಯ ಶೇಂಗಾ ಹೋಳಿಗೆ ಆಕಾರದಲ್ಲಿ ಆಸ್ಟ್ರೇಲಿಯಾವನ್ನು ಹೋಲುತ್ತಿತ್ತು. ಜಯಶೀಲಾ ಒಂದು ಪೂರ್ತಿ ತಿಂದು, "ರುಚಿ ಬಂದೈತೆ. ಒಡೆದಿದ್ದು ನಿನ್ನ ತಪ್ಪಲ್ಲ, ಕಣಕ ನಾದಿ ಒಂದು ತಾಸು ಬಿಡ್ಬೇಕು ಅನ್ನೋದನ್ನ ನಾನೇ ಹೇಳಿಲ್ಲ. ಪಾಸು" ಎಂದಳು. ಅದನ್ನು ಅವಳು ಎರಡು ಸಲ ಹೇಳಿದ್ದಳು, ನಾಲ್ಕನೆಯ ಮೆಸೇಜಿನಲ್ಲೊಮ್ಮೆ, ಒಂಬತ್ತನೆಯದರಲ್ಲೊಮ್ಮೆ. ಶ್ರೀದೇವಿ ಅವನ್ನು ಪಾರ್ಕಿನಲ್ಲಿ ಜೋರಾಗಿ ಹಾಕಿ ಕೇಳಿಸಿದ್ದಳಾದ್ದರಿಂದ ವಿಮಲಾಳಿಗೆ ಗೊತ್ತಿತ್ತು. ಅವಳು ತಟ್ಟೆ ಸರಿಸಿದಳು.

ಆಮೇಲೆ ಜಯಶೀಲಾ ತನ್ನ ಡಬ್ಬಿಯ ಮುಚ್ಚಳ ತೆಗೆದಳು.

ಬಣ್ಣ ನೋಡಿಯೇ ವಿಮಲಾಳಿಗೆ ಒಂದು ಬಗೆಯ ಕಸಿವಿಸಿಯಾಯಿತು. ಇಟ್ಟಿಗೆಯ ಕೆಂಪು, ಒಂದರ ಸಂದೂ ಬಿಟ್ಟಿರಲಿಲ್ಲ. ಆದರೂ ಕೋಡುಬಳೆಯನ್ನು ಕಣ್ಣಿನಿಂದ ಅಳೆಯಬಾರದು. ಅವಳು ಒಂದನ್ನು ತೆಗೆದುಕೊಂಡು, ತಿನ್ನುವ ಮುಂಚೆ ಗಂಭೀರವಾಗಿ ತಿರುಗಿಸಿ ನೋಡುತ್ತಿದ್ದಾಗ, ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ವೆಂಕಟಾಚಲ ಕೈ ಚಾಚಿ ಒಂದನ್ನು ಎತ್ತಿಕೊಂಡ.

ವಿಮಲಾಳ ಗಂಡ ವೆಂಕಟಾಚಲ ಸರ್ಕಾರದ ಆಡಿಟ್ ವಿಭಾಗದಿಂದ ನಿವೃತ್ತನಾದವನು. ಮೂವತ್ತಾರು ವರ್ಷದ ದಾಂಪತ್ಯದಲ್ಲಿ ಹೆಂಡತಿಯ ಕೋಡುಬಳೆಗೆ ಅವನು ತಾನಾಗಿ ಕೊಟ್ಟ ಅತಿ ದೊಡ್ಡ ಸರ್ಟಿಫಿಕೇಟು "ಪರವಾಗಿಲ್ಲ." ಇಡೀ ರಸ್ತೆ ಹೊಗಳುವಾಗಲೂ ಅವನು "ಪರವಾಗಿಲ್ಲ" ಎಂದು ಪೇಪರಿಗೆ ಮರಳುತ್ತಿದ್ದ. ಹಂಸಮ್ಮ ಹೋದ ಮೇಲೆ, ತಾನೇ ಮಾಡತೊಡಗಿದ ಹೊಸದರಲ್ಲಿ, ಒಮ್ಮೆ ವಿಮಲಾ ಪಟ್ಟು ಹಿಡಿದು ಕೇಳಿದ್ದಕ್ಕೆ, "ಚೆನ್ನಾಗಿದೆ. ಅಮ್ಮಂದು ಬೇರೆ" ಎಂದಿದ್ದ. ಎಲ್ಲ ಕೈಗುಣ ಎಂದು ಆಗ ಸಮಾಧಾನ ಮಾಡಿಕೊಂಡವಳು, ಅಂದಿನಿಂದ ಪ್ರತಿ ದಸರೆಯಲ್ಲೂ ಅವನು ಮೊದಲ ಕೋಡುಬಳೆ ಕಚ್ಚುವಾಗ ಏನೋ ಕೆಲಸವಿರುವಂತೆ ಅಲ್ಲೇ ಸುಳಿದಾಡುತ್ತಿದ್ದಳು.

ವೆಂಕಟಾಚಲ ಕಚ್ಚಿದ. ಅಗಿದ. ಪೇಪರನ್ನು ಮಡಚಿ ಟೀಪಾಯಿಯ ಮೇಲಿಟ್ಟ. ಪಿಂಚಣಿಯ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದ ದಿನವೂ ಅವನು ಹಾಗೆ ಪೇಪರು ಮಡಚಿದವನಲ್ಲ.

"ಇದು ಅಮ್ಮಂದು," ಎಂದ.

ಯಾರಿಗೂ ಅರ್ಥವಾಗಲಿಲ್ಲ, ವಿಮಲಾಳಿಗೆ ಬಿಟ್ಟು.

"ಏನಂದ್ರಿ ಅಂಕಲ್?"

"ನಮ್ಮಮ್ಮನ ಕೋಡುಬಳೆ. ಇದೇ." ಇನ್ನೊಂದನ್ನು ಎತ್ತಿಕೊಂಡ. "ಹೀಗೇ ಇರ್ತಿತ್ತು."

ಶ್ರೀದೇವಿ ಚಪ್ಪಾಳೆ ತಟ್ಟಿದಳು. ಜಯಶೀಲಾ ಮುಖ ಕೆಂಪಗೆ ಮಾಡಿಕೊಂಡು, "ನಂದೇನೈತ್ರೀ, ಎಲ್ಲಾ ವಿಮಲಕ್ಕ ಬರ್ದುಕೊಟ್ಟಿದ್ದು, ಅಕ್ಷರಾನೂ ಬಿಟ್ಟಿಲ್ಲ" ಎಂದಳು. ಮೂವರೂ ವಿಮಲಾಳ ಕಡೆ ತಿರುಗಿದರು.

ವಿಮಲಾ ಕೈಯಲ್ಲಿದ್ದುದನ್ನು ಕಚ್ಚಿದಳು. ಹಲ್ಲಿಗೆ ಎದುರಾಡದೆ ಮುರಿಯಿತು. ಮೊದಲು ಖಾರ, ಹಿಂದೆಯೇ ಕೊಬ್ಬರಿ, ಆಮೇಲೆ ಏನೂ ಇಲ್ಲ, ಹಲ್ಲಿಗೆ ಅಂಟುವ ಆ ಕೊನೆಯ ಒಂದು ಜಿಗುಟು ಇಲ್ಲ. ಮದುವೆಯಾದ ಹೊಸದರಲ್ಲಿ ಸ್ಕೂಲಿನಿಂದ ಬಂದು, ಸೀರೆ ಬದಲಿಸುವ ಮುಂಚೆ, ನಿಂತುಕೊಂಡೇ ನಾಲ್ಕು ತಿಂದು ಮುಗಿಸುತ್ತಿದ್ದದ್ದು ಇದನ್ನೇ.

"ಮೊದಲ ಸಲಕ್ಕೆ..." ಎಂದು ಬಾಯಿ ತಾನಾಗಿ ಶುರುಮಾಡಿತು. ಅಲ್ಲಿಗೇ ನಿಲ್ಲಿಸಿದಳು. "ಪಾಸು."

"ಇಷ್ಟೇನಾ ಆಂಟಿ? ಅಂಕಲ್‌ಗೆ ಕಣ್ಣಲ್ಲಿ ನೀರು ಬಂದಿದೆ ನೋಡಿ!"

"ಖಾರಕ್ಕೆ," ಎಂದ ವೆಂಕಟಾಚಲ.

ಹೊರಡುವ ಹೊತ್ತಿಗೆ ಶ್ರೀದೇವಿ ಕಾರು ತಿರುಗಿಸಿಕೊಂಡು ಬರಲು ಮುಂದೆ ಹೋದಳು. ಗೇಟಿನ ಹತ್ತಿರ ಜಯಶೀಲಾಳ ಕೈಗೆ ವಿಮಲಾ ತಾಂಬೂಲ ಕೊಟ್ಟಳು. ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಜಯಾ, ಒಂದು ಮಾತು. ಆ ಚೀಟೀಲಿ ನಾನು ಒಂದು ಸಾಮಾನು ಬರ್ದಿರ್ಲಿಲ್ಲ."

"ಅವಲಕ್ಕಿ ತಾನೇ?"

ರಸ್ತೆಯಲ್ಲಿ ಶ್ರೀದೇವಿಯ ಕಾರು ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು.

"ನಿಮಗೆ... ಹೇಗೆ?"

"ಎಂಟು ವರ್ಷದಿಂದ ತಿಂತಾ ಇದೀನ್ರೀ, ನಾಲಿಗೆಗೆ ಅಷ್ಟೂ ಗೊತ್ತಾಗಲ್ವಾ? ನಮ್ಮ ಊರಿನ ಕಡೆಯವ್ರಿಗೆ ಅವಲಕ್ಕಿ ಮಂಡಕ್ಕಿ ಬಗ್ಗೆ ಯಾರೂ ಹೇಳ್ಕೊಡಬೇಕಿಲ್ಲ." ಜಯಶೀಲಾ ತನ್ನ ಬಲಗೆನ್ನೆಯ ಮೇಲೆ ಬೆರಳಿಟ್ಟಳು. "ಹೋದ ತಿಂಗಳು ಈ ಹಲ್ಲಿಗೆ ರೂಟ್ ಕೆನಾಲ್ ಆತಲ್ಲ. ಅವಲಕ್ಕಿ ಹಾಕಿದ್ರೆ ಮರುದಿನಕ್ಕೆ ಕಲ್ಲಾಗ್ತವೆ, ಜಯಾ ಪಾಪ ಹೆಂಗೆ ಕಡೀತಾಳೆ ಅಂತ ನೀವೇ ಬಿಟ್ಟೀರಿ ಅಂತ ಮಾಡಿದ್ದೆ. ನಮ್ಮ ಯಜಮಾನ್ರಿಗೂ ಹೇಳಿದೆ. ನೋಡ್ರೀ, ಎಷ್ಟು ವಿಚಾರ ಮಾಡ್ತಾರೆ ವಿಮಲಕ್ಕ ಅಂತ."

ವಿಮಲಾ ಬಾಯಿ ತೆರೆದಳು. ಮೂವತ್ತೊಂದು ವರ್ಷ ನಲವತ್ತು ಹುಡುಗರ ಕ್ಲಾಸನ್ನು ಒಂದು ಮಾತಿನಲ್ಲಿ ಕೂರಿಸಿದ ಬಾಯಿ ಅದು. "ನಾನು ಅದಕ್ಕೆ ಬಿಟ್ಟಿದ್ದಲ್ಲ ಜಯಾ," ಎಂದಳು. "ನಿಮ್ದು ಚೆನ್ನಾಗಿ ಬರಬಾರದು ಅಂತ ಬಿಟ್ಟಿದ್ದು."

ಜಯಶೀಲಾ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಭುಜ ಕುಣಿಯುವಂತೆ ನಗತೊಡಗಿದಳು. ಗೇಟನ್ನು ಹಿಡಿದುಕೊಂಡು ನಕ್ಕಳು, ಕೆನ್ನೆ ಹಿಡಿದುಕೊಂಡು ನಕ್ಕಳು. "ಅಯ್ಯೋ ನನ್ನ ಶಿವನೇ! ಹಲ್ಲು ನೋಯ್ತೈತೆ, ನಗಿಸಬ್ಯಾಡ್ರೀ!" ಕಾರು ಹತ್ತಿದ ಮೇಲೂ ಕಿಟಕಿಯಿಂದ ಕೈ ಹೊರಗೆ ಹಾಕಿ, "ಸೋಮವಾರ ವಾಕಿಂಗಿಗೆ ಬರ್ರೀ, ಬಾಕಿ ಬೈಗುಳ ಅಲ್ಲೇ ಕೊಡ್ತೀನಿ" ಎಂದಳು. ಏನಾಯಿತೆಂದು ಶ್ರೀದೇವಿ ಕೇಳುತ್ತಿದ್ದದ್ದು ರಸ್ತೆಯ ತಿರುವಿನವರೆಗೂ ಕೇಳಿಸಿತು.

ವಿಮಲಾ ಒಳಗೆ ಬಂದಾಗ ವೆಂಕಟಾಚಲ ಡಬ್ಬಿಯ ಮುಂದೆಯೇ ಕೂತಿದ್ದ. ಪೇಪರು ಮಡಚಿದಲ್ಲೇ ಬಿದ್ದಿತ್ತು.

"ನಿಮ್ಮಮ್ಮ ಕೋಡುಬಳೆಗೆ ಅವಲಕ್ಕಿ ಪುಡಿ ಹಾಕ್ತಿದ್ರಾ?"

"ಅವಲಕ್ಕೀನಾ? ಕೋಡುಬಳೆಗಾ?" ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಚೆ, ಚೆ. ಬಾಣಲಿ ಎತ್ತಿ ಬಿಸಾಕಿರೋರು."

"ನಾನು ಹಾಕ್ತಿದ್ದೆ."

"ಗೊತ್ತು. ಪ್ರತಿ ವರ್ಷ ನೀನು ಅವಲಕ್ಕಿ ಡಬ್ಬ ತಗೊಂಡು ಅಡುಗೆಮನೆ ಬಾಗಿಲು ಹಾಕ್ಕೊಂಡು ಮಿಕ್ಸಿಯಲ್ಲಿ ಪುಡಿ ಮಾಡ್ತಿದ್ಯಲ್ಲ, ಇಡೀ ಮನೆಗೆ ಕೇಳ್ತಿತ್ತು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಿಮ್ಮ ತೌರುಮನೆ ಪದ್ಧತಿ ಇರ್ಬೇಕು ಅಂದ್ಕೊಂಡೆ," ಎಂದ ವೆಂಕಟಾಚಲ. "ಅದಕ್ಕೆಲ್ಲ ಏನಾದ್ರೂ ಅನ್ನಕ್ಕಾಗತ್ತಾ? ಬೇಜಾರು ಮಾಡ್ಕೋತೀಯ."

ವಿಮಲಾ ಅವನ ಎದುರಿನ ಕುರ್ಚಿಯಲ್ಲಿ ಕೂತಳು. ಮಂಚದ ಪಕ್ಕ ತನ್ನ ಕೈ ಹಿಡಿದುಕೊಂಡು ದನಿ ತಗ್ಗಿಸಿದ ಹಂಸಮ್ಮನ ಮುಖವನ್ನು ನೆನಪಿಸಿಕೊಳ್ಳಲು ನೋಡಿದಳು. ತುಟಿಯಲ್ಲಿ ಒಂದು ನಗು ಇದ್ದ ನೆನಪು. ಆಗ ಅದನ್ನು ವಾತ್ಸಲ್ಯ ಎಂದುಕೊಂಡಿದ್ದಳು. ವಾತ್ಸಲ್ಯ ಇರಲಿಲ್ಲ ಎನ್ನಲೂ ಈಗ ಯಾಕೋ ಧೈರ್ಯ ಬರಲಿಲ್ಲ. ಗಂಟಲಿನ ಕೆಳಗಿನಿಂದ ಜಯಶೀಲಾಳದ್ದೇ ಆ ನಗು ಮೇಲಕ್ಕೆ ಬರುತ್ತಿರುವಂತೆನಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಏನಾಯ್ತು?" ಎಂದ ವೆಂಕಟಾಚಲ.

"ಏನಿಲ್ಲ. ಇನ್ನೂ ಇದೆಯಾ ಅದ್ರಲ್ಲಿ?"

ಅವನು ಡಬ್ಬಿಯೊಳಗೆ ನೋಡಿದ. ಒಂದೇ ಒಂದು ಉಳಿದಿತ್ತು. ಅದನ್ನು ತೆಗೆದು, ಮುರಿದು, ಎರಡು ತುಂಡುಗಳನ್ನೂ ಪಕ್ಕಪಕ್ಕದಲ್ಲಿ ಹಿಡಿದು ಕನ್ನಡಕದ ಕೆಳಗಿನಿಂದ ಪರಿಶೀಲಿಸಿದ. ಸ್ವಲ್ಪ ಹೊತ್ತು ಯೋಚಿಸಿ, ಚಿಕ್ಕದನ್ನು ಅವಳ ಕಡೆ ಚಾಚಿದ.