ಪಿಚರನನ್ನು ಮಾತಾಡಿಸಬಾರದ ದಿನ

ಹೆರನ್ಸ್ ಬೇಸ್‌ಬಾಲ್ ತಂಡದಲ್ಲಿ ಆ ವರ್ಷ ಇದ್ದವರೆಲ್ಲ ಮೀಸೆ ಚಿಗುರುತ್ತಿದ್ದ ಹುಡುಗರು. ಇಪ್ಪತ್ತಮೂರು ಜನರಲ್ಲಿ ಮೂವತ್ತು ದಾಟಿದವನು ಲೈಲ್ ಹ್ಯಾಗರ್ಟಿ ಒಬ್ಬನೇ. ಮೂವತ್ತಾರರ ಈ ಪಿಚರನನ್ನು ಹುಡುಗರು ಬೆನ್ನ ಹಿಂದೆ ಅಜ್ಜ ಎನ್ನುತ್ತಿದ್ದರು, ಎದುರಿಗೆ ಸರ್. ಅಯೋವಾದ ಆ ಸಣ್ಣ ಊರಿನಲ್ಲಿ ಹನ್ನೊಂದು ವರ್ಷದಿಂದ ಸೀಸನ್ನಿನ ಮೊದಲ ಪಂದ್ಯಕ್ಕೆ ಬಾಲು ಎಸೆಯುತ್ತಿದ್ದವನು ಅವನೇ.

ಈ ಸಲ ಮ್ಯಾನೇಜರ್ ಗಸ್ ಮೊದಲೇ ಕರೆದು ಹೇಳಿದ್ದ. "ಒಂಬತ್ತರಲ್ಲಿ ಐದು ಇನಿಂಗ್ಸ್ ದಾಟಿಸು, ಸೀಸನ್ ಪೂರ್ತಿ ನಿಂದೇ. ಆಗ್ಲಿಲ್ಲ ಅಂದ್ರೆ ಆ ಎಡಗೈ ಹುಡುಗ ಡಾರ್ನೆಲ್‌ನ ಇಳಿಸ್ತೀನಿ. ನೀನು ಮನೆಗೆ ಹೊರಡು. ಮುಚ್ಚುಮರೆ ಇಲ್ದೆ ಹೇಳ್ತಿದೀನಿ."

"ಐದೇನು, ಏಳು ದಾಟಿಸ್ತೀನಿ," ಎಂದಿದ್ದ ಲೈಲ್. ಬಾಲು ಎಸೆಯುವುದು ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಎಸೆಯುವ ದಿನ ಪಿಚರನನ್ನು ಯಾರೂ ಮಾತಾಡಿಸಬಾರದು ಎಂಬುದು ಬೇಸ್‌ಬಾಲಿನವರ ಹಳೇ ರಿವಾಜು. ಈಗಿನವರು ಅದನ್ನು ಅರ್ಧಂಬರ್ಧ ಪಾಲಿಸುತ್ತಾರೆ. ಲೈಲ್ ಮಾತ್ರ ಮಡಿಯುಟ್ಟವರ ಹಾಗೆ, ಹತ್ತಿರ ಸುಳಿದರೂ ಸಿಡಿಮಿಡಿ. ಮಾರ್ಚ್ ತಿಂಗಳ ಅಭ್ಯಾಸ ಪಂದ್ಯವೊಂದರ ಬೆಳಿಗ್ಗೆ ಅವನ ಎಸೆತ ಹಿಡಿಯುವ ಇಪ್ಪತ್ತು ವರ್ಷದ ಕ್ಯಾಚರ್ ವೆಸ್ಲಿ, ಪಾಪ, ನಗುತ್ತಾ ಬಂದು ಗುಡ್ ಮಾರ್ನಿಂಗ್ ಎಂದುಬಿಟ್ಟ. ಲೈಲ್ ಎಲ್ಲರೆದುರು ಅವನ ಚಳಿ ಬಿಡಿಸಿದ್ದ.

"ನೋಡು ಮರಿ, ನನ್ನ ದಿನ ನಿನ್ನ ಬಾಯಿಗೆ ಬೀಗ. ಮೈದಾನಕ್ಕೆ ಬೆಂಕಿ ಬಿದ್ರೂ ನನಗೆ ಹೇಳ್ಬೇಡ."

ಅಂದಿನಿಂದ ಹುಡುಗರು ಅವನನ್ನು ಕಂಡರೆ ದಾರಿ ಬಿಡುತ್ತಿದ್ದರು. ಇದು ಗೌರವ ಎಂದುಕೊಂಡು ಲೈಲ್ ಒಳಗೊಳಗೇ ಬೀಗಿದ.

ಮೊದಲ ಪಂದ್ಯದ ಮಧ್ಯಾಹ್ನ ಬಿಸಿಲಿದ್ದರೂ ನದಿ ಕಡೆಯ ಗಾಳಿಗೆ ಬೆರಳು ಮರಗಟ್ಟುತ್ತಿತ್ತು. ಲೈಲ್‌ನ ವೇಗ ಯಾವತ್ತೋ ಹೋಗಿತ್ತು. ಅವನು ಬದುಕಿದ್ದುದೇ ನಿಧಾನದ ಎಸೆತದಿಂದ. ಬ್ಯಾಟಿನವನು ವೇಗಕ್ಕೆ ಕಾದು ಮೊದಲೇ ಬೀಸಬೇಕು, ಬಾಲು ಸಾವಕಾಶ ಆಮೇಲೆ ಬರಬೇಕು. ಅವತ್ತು ಯಾರೂ ಮೊದಲೇ ಬೀಸಲಿಲ್ಲ. ನಿಧಾನದ ಬಾಲು ಬರುವುದು ಮೊದಲೇ ಗೊತ್ತಿದ್ದವರಂತೆ ಕಾದು ನಿಂತು ಚಚ್ಚಿದರು. ಮೊದಲ ಇನಿಂಗ್ಸಿನಲ್ಲೇ ಮೂರು ರನ್, ಬೇಸ್‌ಬಾಲಿನಲ್ಲಿ ಅದು ದೊಡ್ಡ ಪೆಟ್ಟು. ಎರಡನೆಯದರಲ್ಲಿ ಮತ್ತೆರಡು ಹೋದಾಗ ವೆಸ್ಲಿ ಮುಖದ ಜಾಲರಿ ಮೇಲೆತ್ತಿಕೊಂಡು ಲೈಲ್ ಕಡೆ ಅರ್ಧ ದಾರಿಗೆ ಬಂದ. ಲೈಲ್ ಬಾಲು ಎಸೆಯುವ ದಿಬ್ಬದ ಮೇಲಿಂದಲೇ ದುರುಗುಟ್ಟಿದ. ಹುಡುಗ ಒಂದು ಗಳಿಗೆ ನಿಂತು ವಾಪಸು ಹೋದ.

ಇನ್ನೂ ಎರಡು ರನ್ ಹೋದ ಮೇಲೆ ಗಸ್ ತಾನೇ ನಡೆದು ಬಂದು, ಇನ್ನು ಸಾಕು ಎಂಬಂತೆ ಬಾಲಿಗೆ ಕೈಚಾಚಿದ. ಎರಡು ಇನಿಂಗ್ಸೂ ಮುಗಿದಿರಲಿಲ್ಲ.

ಪಂದ್ಯ ಮುಗಿದ ಮೇಲೆ ಲೈಲ್ ಮೆಟ್ಟಿಲ ಬಳಿ ವೆಸ್ಲಿಯನ್ನು ತಡೆದ. "ಅರ್ಧಕ್ಕೆ ಬಂದೆಯಲ್ಲ, ಏನು ಹೇಳಕ್ಕೆ?"

ವೆಸ್ಲಿ ಆಚೀಚೆ ನೋಡಿದ. "ಬೆರಳು ಸರ್. ನಿಧಾನದ ಎಸೆತಕ್ಕೆ ಬಾಲು ಹಿಡ್ಕೊಳ್ಳೋವಾಗ ನಿಮ್ಮ ಗ್ಲೌಸ್ ಕೈಯಲ್ಲಿ ಹೊರಗಿರೋ ತೋರುಬೆರಳು ಮೇಲೇಳುತ್ತೆ. ಅವರ ಕೋಚ್ ಅದನ್ನ ನೋಡ್ಕೊಂಡು ಕೂಗಿ ಸುಳಿವು ಕೊಡ್ತಿದ್ದ."

"ನಿಂಗೆ ಯಾವಾಗ ಕಂಡಿದ್ದು?"

"ಮಂಗಳವಾರ. ಪ್ರಾಕ್ಟೀಸಲ್ಲಿ."

"ಮಂಗಳವಾರ ನನ್ನ ದಿನ ಅಲ್ವಲ್ಲೋ. ಅವತ್ತು ಬಾಯಿಗೇನು ಹಾಕ್ಕೊಂಡಿದ್ದೆ?"

"ಯಾವ ದಿನ ನಿಮ್ಮ ದಿನ ಅಲ್ಲ ಅಂತ ನಮಗೆ ಗೊತ್ತಾಗಲ್ಲ ಸರ್," ಎಂದ ವೆಸ್ಲಿ. ವ್ಯಂಗ್ಯವೇನೂ ಇರಲಿಲ್ಲ. "ನಿಮ್ಮ ಮುಖ ದಿನಾ ಹಾಗೇ ಇರುತ್ತೆ."

ಲೈಲ್‌ಗೆ ಕೆನ್ನೆಗೆ ಬಾರಿಸಿದಂತಾಯಿತು. ನೇರ ಗಸ್‌ನ ಕೋಣೆಗೆ ಹೋಗಿ ಬೆರಳಿನ ವಿಷಯ ಹೇಳಿದ. ಒಂದು ವಾರದಲ್ಲಿ ತಿದ್ದಿಕೊಳ್ಳುತ್ತೇನೆ ಎಂದ.

"ನಿನ್ನ ಕ್ಯಾಚರ್ ಕಣ್ಣಿಗೆ ಬೀಳಲಿಲ್ವಾ?" ಎಂದು ಕೇಳಿದ ಗಸ್.

ಹುಡುಗನ ತಲೆಗೆ ಕಟ್ಟುವುದು ಸುಲಭವಿತ್ತು. ಲೈಲ್‌ಗೆ ಆ ಆಸೆ ಬರಲಿಲ್ಲ ಎಂದರೆ ಸುಳ್ಳಾದೀತು. "ಬಿದ್ದಿತ್ತು. ನಾನೇ ಹೇಳಕ್ಕೆ ಬಿಡಲಿಲ್ಲ," ಎಂದ.

ಗಸ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಬೆರಳು ಸರಿಹೋಗುತ್ತೆ ಲೈಲ್. ಆದ್ರೆ ಇಪ್ಪತ್ತೆರಡು ಹಸುಳೆಗಳನ್ನ ಕೊಟ್ಟಿದಾರೆ ನನಗೆ. ಅವಕ್ಕೆ ಮಾತು ಬರಬೇಕಲ್ಲ." ಮುಂದಿನ ಪಂದ್ಯ ಡಾರ್ನೆಲ್‌ಗೆ ಎಂದು ಆಗಲೇ ಬರೆದಾಗಿತ್ತು.

ಲೈಲ್ ಚೀಲ ತುಂಬಿಕೊಳ್ಳಲು ಉಡುಪಿನ ಕೋಣೆಗೆ ಬಂದ. ಬಾಗಿಲ ಹೊರಗೇ ಹುಡುಗರ ಗಲಾಟೆ ಕೇಳುತ್ತಿತ್ತು. ಯಾರೋ ಯಾರದೋ ಬೂಟು ಬಚ್ಚಿಟ್ಟಿದ್ದರು. ಅವನು ಕಾಲಿಟ್ಟ ಕೂಡಲೇ ಎಲ್ಲ ತಣ್ಣಗಾಯಿತು. ಅವನು ಬಟ್ಟೆ ಮಡಚಿದ, ಬೂಟು ತುರುಕಿದ, ಜಿಪ್ ಎಳೆದ.

ಬಾಗಿಲಲ್ಲಿ ನಿಂತು, "ಹೋಗ್ಬರ್ತೀನಿ ಹುಡುಗ್ರಾ," ಎಂದ.

ಉತ್ತರ ಕೊಡಬಹುದೋ ಬಾರದೋ ತಿಳಿಯದೆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.