ಹುಟ್ಟಿದಾಗಿನ ತೂಕ

ಬಸ್ಸು ಓಡಿಸುವವರಿಗೆ ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯಲ್ಲಿ ನನ್ನ ಬಿಪಿ ಏರಿತ್ತು. ಕುತ್ತಿಗೆಯ ರಕ್ತನಾಳದ ಸ್ಕ್ಯಾನ್ ಆಗದೆ ಸ್ಟೀರಿಂಗ್ ಮುಟ್ಟುವಂತಿಲ್ಲ ಎಂದು ಡಿಪೋದವರು ಖಡಾಖಂಡಿತ ಹೇಳಿದರು. ಇಬ್ಬರು ಮಕ್ಕಳನ್ನು ಶಾಲೆಗೆ ಅಟ್ಟಿ ಆಸ್ಪತ್ರೆಗೆ ಹೊರಟರೆ, ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು.

ಡಾಕ್ಟರಮ್ಮ ಎಲ್ಲ ವಿಚಾರಿಸಿ, "ಹುಟ್ಟಿದಾಗ ಎಷ್ಟು ತೂಕ ಇದ್ರಿ?" ಎಂದರು.

"ಕುಂಬಳಕಾಯಿ ಥರ ಇದ್ದೆನಂತೆ. ಅದಕ್ಕೇ ಈ ಕಡ್ಡಿ ಮೈಗೂ ಮನೇಲಿ ಗುಂಡು ಅಂತಾರೆ," ನಾನು ನಕ್ಕೆ.

"ಅದ್ಯಾಕೆ ಕೇಳಿದ್ರಿ?" ಅಮ್ಮ ನಡುವೆ ಬಾಯಿ ಹಾಕಿದಳು.

"ಬಸುರಿಗೆ ಊಟ ಸಾಲದಿದ್ರೆ ಮಗು ಸಣ್ಣದಾಗಿ ಹುಟ್ಟಬಹುದು. ಅಂಥವರಲ್ಲಿ ಕೆಲವರಿಗೆ ಮುಂದೆ ರಕ್ತನಾಳ ಗಡುಸಾಗೋದು, ಬಿಪಿ ಬರೋದು ಉಂಟು. ಎಲ್ಲರಿಗೂ ಅಲ್ಲ."

ಅಮ್ಮ ಕೈಚೀಲದ ಹಿಡಿಯನ್ನು ತಿರುಚಿದಳು. "ಒಂದೂವರೆ ಕೆಜಿ. ಕುಂಬಳಕಾಯಿ ಗಿಂಬಳಕಾಯಿ ಎಲ್ಲ ನಾನು ಕಟ್ಟಿದ ಕಥೆ."

ಅಪ್ಪ ಕೆಲಸಕ್ಕಿದ್ದ ಕಾರ್ಖಾನೆಗೆ ಬೀಗ ಬಿದ್ದ ವರ್ಷವಂತೆ. ಇದ್ದುದನ್ನೆಲ್ಲ ಅಣ್ಣಂದಿರ ತಟ್ಟೆಗೆ ಬಡಿಸಿ, ತನಗೆ ವಾಕರಿಕೆ, ಏನೂ ಸೇರದು ಎಂದು ನೀರು ಕುಡಿದು ಮಲಗುತ್ತಿದ್ದಳಂತೆ. ನಾನು ಹುಟ್ಟಿದ ಮೇಲೆ ನೆರೆಹೊರೆಯವರ ಬಾಯಿ ಮುಚ್ಚಿಸಲು ಗುಂಡು ಎಂದು ಕರೆದಳು. ಕರೆದೂ ಕರೆದೂ ಮನೆಯವರೆಲ್ಲ ನಂಬಿದೆವು.

"ನನ್ನ ಹಸಿವು ಇವಳ ಮೈಯಲ್ಲಿ ಕೂತಿದೆಯಾ, ನೋಡಿ ಹೇಳಿ ಡಾಕ್ಟ್ರೇ," ಎಂದಳು. ಆ ದನಿ ಕೇಳಿ ನನಗೆ ಕೆಲಸದ ಚಿಂತೆ ಮರೆತೇಹೋಯಿತು.

ಮಂಚದ ಮೇಲೆ ಮಲಗಿದೆ. ಕುತ್ತಿಗೆಗೆ ತಣ್ಣನೆಯ ಜೆಲ್. ಯಂತ್ರ ಭುಸ್ ಭುಸ್ ಎಂದಿತು.

"ಅಯ್ಯೋ, ಏನದು?" ಅಮ್ಮ ಬೆಚ್ಚಿದಳು.

"ರಕ್ತ ಓಡೋ ಸದ್ದು ಕಣಮ್ಮ," ಎಂದೆ.

"ಇಷ್ಟು ಜೋರಾಗಾ?"

"ಡ್ರೈವರ್ ಅಲ್ವಾ ನಾನು."

"ಬಾಯಿ ಮುಚ್ಕೊಂಡಿರಿ, ಕುತ್ತಿಗೆ ಅಲ್ಲಾಡ್ತಿದೆ," ಡಾಕ್ಟರಮ್ಮ ಗದರಿದರು.

ಬಲಗಡೆ, ಎಡಗಡೆ, ಮತ್ತೆ ಬಲಗಡೆ. ಮತ್ತೆ ಯಾಕೆ?

"ರಕ್ತನಾಳದ ಗೋಡೆ ನುಣ್ಣಗಿದೆ. ಎಲ್ಲೂ ಏನೂ ಕಟ್ಟಿಕೊಂಡಿಲ್ಲ, ಗಡುಸೂ ಆಗಿಲ್ಲ. ಮಾತ್ರೆ ತಗೊಳ್ಳಿ, ಉಪ್ಪು ಕಮ್ಮಿ ಮಾಡಿ. ಬಿಪಿ ಇಳಿದ ಮೇಲೆ ಬಸ್ಸು ಹತ್ತಿ."

"ಹಂಗಾದ್ರೆ ಬಿಪಿ ನನ್ನಿಂದ ಬಂತಾ?" ಅಮ್ಮ ಬಿಡಲಿಲ್ಲ.

"ಇರಬಹುದು, ಇಲ್ಲದೆಯೂ ಇರಬಹುದು. ಹಿಡಿತಕ್ಕಂತೂ ಬರುತ್ತೆ. ಹಸಿದವರು ನೀವು, ತಪ್ಪು ನಿಮ್ಮದು ಹೇಗಾಗುತ್ತೆ?"

ಹೊರಗೆ ಬೆಂಚಿನ ಮೇಲೆ ಅಮ್ಮ ಕುಳಿತಳು. ಮೂಗು ಒರೆಸಿಕೊಂಡು, "ಹಸಿವಾಗ್ತಿದೆ ಕಣೇ," ಎಂದಳು. ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದೇ ಇಲ್ಲ.

ಕ್ಯಾಂಟೀನಿನಲ್ಲಿ ತನ್ನ ತಟ್ಟೆ ಖಾಲಿ ಮಾಡಿ, ನನ್ನದಕ್ಕೂ ಕೈ ಹಾಕಿದಳು. "ಇದರಲ್ಲಿ ಉಪ್ಪು ಜಾಸ್ತಿ, ನಿಂಗೆ ಬೇಡ," ಎನ್ನುತ್ತ ಅದನ್ನೂ ಮುಗಿಸಿದಳು.